ದೊಡ್ಡಕ್ಕನ ಕಂಬ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ದೊಣ್ಣೆಗೆ ತಾನೇ ಬಣ್ಣ ಹಚ್ಚಿ ಮ್ಯಾನೇಜರ ಕೈಗೆ ಕೊಟ್ಟಿದ್ದೇನೆ ಎಂಬುದು ಬಿರುಕಮ್ಮನಿಗೆ ಅರ್ಥವಾದದ್ದು ಶುಕ್ರವಾರ ಮಧ್ಯಾಹ್ನ, ಅವರ ಕೋಣೆಯ ಗೋಡೆಯ ಮೇಲಿದ್ದ ತನ್ನದೇ ಚಿತ್ರದ ಮುಂದೆ ನಿಂತಿದ್ದಾಗ.

ಚಿತ್ರದಲ್ಲಿ ಆರು ಕಂಬಗಳಿದ್ದವು. ಪಿಂಗಾಣಿ ಕಪ್ಪಿಗೆ ಹಿಡಿ ಅಂಟಿಸುವ ಆರು ಹೆಂಗಸರಿಗೆ ಒಂದೊಂದು ಕಂಬ. ಯಾರು ಅಂಟಿಸಿದ ಕಪ್ಪುಗಳಲ್ಲಿ ಎಷ್ಟು ಸುಡುವಾಗ ಬಿರುಕು ಬಿಟ್ಟವು ಎಂಬುದು ಕಂಬದ ಎತ್ತರ. ಐದು ಕಂಬಗಳು ಮಕ್ಕಳ ಹಾಗೆ ಸಾಲಾಗಿ ಕುಳಿತಿದ್ದರೆ ಆರನೆಯದು ಅವುಗಳ ಮೂರರಷ್ಟು ಎತ್ತರಕ್ಕೆ ಎದ್ದು ನಿಂತಿತ್ತು. ಅದು ದೊಡ್ಡಕ್ಕನದು. ಅದಕ್ಕೆ ಕೆಂಪು ಬಣ್ಣ. ಬಿರುಕಮ್ಮ ಬೇಕೆಂದು ಕೆಂಪು ಬಳಿದಿರಲಿಲ್ಲ. ಡಬ್ಬಿಯಲ್ಲಿದ್ದ ಪೆನ್ಸಿಲುಗಳೆಲ್ಲ ಮೊಂಡಾಗಿದ್ದವು, ಉದ್ದ ಉಳಿದಿದ್ದದ್ದು ಕೆಂಪು ಒಂದೇ, ಎತ್ತರದ ಕಂಬಕ್ಕೆ ಬಣ್ಣ ಜಾಸ್ತಿ ಬೇಕಿತ್ತು. ಅಷ್ಟೆ.

"ತುಂಬ ಚೆನ್ನಾಗಿ ಮಾಡಿದ್ದೀರಿ," ಎಂದರು ಮ್ಯಾನೇಜರು. ಬಂದು ನಾಲ್ಕು ತಿಂಗಳಾಗಿತ್ತು, ಕೆಟ್ಟ ಮನುಷ್ಯನಲ್ಲ, ಕುರ್ಚಿ ತೋರಿಸಿ ಮಾತಾಡುವವರು. "ನೂರು ಮಾತು ಬೇಡ, ಈ ಒಂದು ಹಾಳೆ ಸಾಕು. ಸೋಮವಾರ ಹನ್ನೊಂದಕ್ಕೆ ಸಭೆ. ಕಳೆದ ವಾರದ ಲೆಕ್ಕಕ್ಕೂ ಹೀಗೇ ಒಂದು ಮಾಡಿಕೊಂಡು ಬನ್ನಿ. ಅದೂ ಹೀಗೇ ಇದ್ದರೆ, ಏನು ಮಾಡೋದು, ಅವರನ್ನ ಚೂರಿನ ಕೋಣೆಗೆ ಹಾಕಬೇಕಾಗುತ್ತೆ."

"ಅಲ್ಲಿ ಇಡೀ ದಿನ ನಿಂತೇ ಒಡೆದ ಕಪ್ ಪುಡಿ ಮಾಡಬೇಕು ಸಾರ್. ಧೂಳು ಬೇರೆ. ಅವರಿಗೆ ಎದೆ ಸರಿ ಇಲ್ಲ."

"ಗೊತ್ತು. ಆದರೆ ಕಂಬ ಸುಳ್ಳು ಹೇಳುತ್ತಾ, ನೀವೇ ಹೇಳಿ."

ಬಿರುಕಮ್ಮ ಗೋಡೆಯ ಕಂಬವನ್ನೇ ನೋಡಿದಳು. ಸುಳ್ಳಂತೂ ಅಲ್ಲ. ಒಂದೊಂದು ಕಪ್ಪನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಟಿಣ್ ಎಂದರೆ ಆಚೆ, ಟಕ್ ಎಂದರೆ ಈಚೆ ಇಟ್ಟವಳು ಅವಳೇ. ಹದಿನೆಂಟು ವರ್ಷದಿಂದ ಅದೇ ಕೆಲಸ, ಅದಕ್ಕೇ ಆ ಹೆಸರು. "ಇವಳ ಮುಂದೆ ನಗಬೇಡ್ರೇ, ಹಲ್ಲಲ್ಲೂ ಬಿರುಕು ಹುಡುಕ್ತಾಳೆ," ಎಂದು ಯಾರೋ ಅಂದಿದ್ದು ಹಾಗೇ ಅಂಟಿಕೊಂಡಿತ್ತು. ಓದಿದ್ದು ಏಳನೆಯ ತರಗತಿ. ಮಿಕ್ಕದ್ದನ್ನೆಲ್ಲ, ಈ ಕಂಬ ಗೆರೆಗಳನ್ನೂ ಸೇರಿಸಿ, ಮಗಳ ಹಳೆಯ ಪಠ್ಯಪುಸ್ತಕಗಳಲ್ಲಿ ತಾನೇ ನೋಡಿ ಕಲಿತದ್ದು. ಆ ಹೆಮ್ಮೆಯಲ್ಲೇ ಕಳೆದ ತಿಂಗಳು ಕಂಬ ನಿಲ್ಲಿಸಿದ್ದಳು. ನಿಲ್ಲಿಸುವಾಗ ಅದಕ್ಕೆ ಯಾರನ್ನು ಕಟ್ಟುತ್ತಾರೆ ಎಂದು ಯೋಚಿಸಿರಲಿಲ್ಲ.

ಕಟ್ಟಿದ್ದು ಅವಳ ಅತ್ತಿಗೆಯನ್ನು. ಕಾರ್ಖಾನೆಗೆಲ್ಲ ದೊಡ್ಡಕ್ಕನಾದವಳು ಅವಳಿಗೆ ಅಣ್ಣನ ಹೆಂಡತಿ. ಅಣ್ಣ ಹೋದ ಮೇಲೂ ಒಂದೇ ಮನೆಯಲ್ಲಿ ಇದ್ದವರು. ಬಿರುಕಮ್ಮನ ಗಂಡ ಮನೆ ಬಿಟ್ಟು ಹೋದಾಗ, ಮಗಳ ಹೆರಿಗೆಯಾದಾಗ, ಯಾವಾಗಲೂ ಒಲೆಯ ಮುಂದೆ ಇದ್ದವಳು ಅತ್ತಿಗೆಯೇ. ಈ ಕೆಲಸಕ್ಕೆ ಕೈಹಿಡಿದು ಕರೆತಂದು ಸೇರಿಸಿದವಳೂ ಅವಳೇ.

ಶನಿವಾರ ಊಟದ ಹೊತ್ತಿಗೆ ಬಿರುಕಮ್ಮ ಭಟ್ಟಿಯಣ್ಣನ ಹತ್ತಿರ ಹೋಗಿ ಕುಳಿತಳು. ಕಪ್ ಸುಡುವ ಭಟ್ಟಿಯ ಕಾವು ನೋಡಿಕೊಳ್ಳುವ ಮುದುಕ. ಹುಬ್ಬುಗಳು ಎಂದೋ ಸುಟ್ಟುಹೋಗಿ, ಮುಖದಲ್ಲಿ ಸದಾ ಆಶ್ಚರ್ಯ ಉಳಿದುಬಿಟ್ಟಿತ್ತು.

"ಅತ್ತಿಗೆ ಕೈ ಸೋತಿದೆಯಾ ಅಣ್ಣಾ? ನಿಜ ಹೇಳು."

"ಎಲ್ಲರ ಕೈಯೂ ಸೋತಿದೆ. ನಿಂದು ಸೋತಿಲ್ವಾ?" ಅವನು ಬುತ್ತಿಯ ಮುಚ್ಚಳ ತೆಗೆದು ಒಳಗೆ ನೋಡಿ, ನಿರೀಕ್ಷಿಸಿದ್ದೇ ಇದೆ ಎಂಬಂತೆ ನಿಟ್ಟುಸಿರು ಬಿಟ್ಟ. "ನೋಡು, ಬೆಂಕಿಗೆ ಯಾರ ಕೈ ಅಂತ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಹದ ಒಂದೇ. ಕಪ್ ಒಣಗಿ, ಹಿಡಿ ಹಸಿ ಇದ್ರೆ, ಎತ್ತು ಏರಿಗೆ ಕೋಣ ನೀರಿಗೆ. ಸುಡುವಾಗ ಒಂದು ಒಂದು ಕಡೆ ಎಳೆಯುತ್ತೆ, ಇನ್ನೊಂದು ಇನ್ನೊಂದು ಕಡೆ. ಮಧ್ಯೆ ಟಕ್."

"ಆರೂ ಜನಕ್ಕೆ ಅದೇ ಮಣ್ಣು, ಅದೇ ಯಂತ್ರ ಅಲ್ವಾ?"

"ಅದೇ ಮಣ್ಣು. ಅದೇ ಹೊತ್ತಾ?"

ಅಷ್ಟು ಹೇಳಿ ಅವನು ಊಟಕ್ಕೆ ಕೈ ಹಾಕಿದ. ಅವನು ಮಾತಾಡುವುದೇ ಹಾಗೆ, ಅರ್ಧ ಹೇಳಿ ಇನ್ನರ್ಧ ನಿನ್ನದು ಎನ್ನುವ ಜಾತಿ.

ಹೊತ್ತು! ಅದು ಅವಳ ಬಳಿಯೇ ಇತ್ತು, ರಟ್ಟಿನ ಪೆಟ್ಟಿಗೆಯಲ್ಲಿ. ಬೆಳಿಗ್ಗೆಯೇ ಯಂತ್ರದಿಂದ ಒಂದರ ಹಿಂದೊಂದು ಹೊರಬೀಳುತ್ತಿದ್ದ ಕಪ್ಪುಗಳನ್ನು ನಲವತ್ತು ನಲವತ್ತರಂತೆ ಹಲಗೆಯ ಮೇಲೆ ಜೋಡಿಸಿ, ಗೋಡೆಯ ಪಕ್ಕದ ಅಟ್ಟಣೆಯಲ್ಲಿಡುತ್ತಿದ್ದರು. ಪ್ರತಿ ಹಲಗೆಗೂ ಒಂದು ಚೀಟಿ. ಅದರ ಮೇಲೆ ಹಲಗೆ ಹೊರಬಂದ ಗಂಟೆ, ಯಾರು ಎತ್ತಿಕೊಂಡರು, ಎಷ್ಟು ಗಂಟೆಗೆ ಹಿಡಿ ಅಂಟಿಸಲು ಶುರುಮಾಡಿದರು, ಕೊನೆಗೆ ಬಿರುಕಮ್ಮನ ಕೈಬರಹದಲ್ಲಿ ಒಡೆದವು ಎಷ್ಟು. ಹೆಸರನ್ನೂ ಒಡಕನ್ನೂ ಮಾತ್ರ ಕೇಳುತ್ತಿದ್ದರು. ಗಂಟೆಗಳನ್ನು ಯಾರೂ ಕೇಳಿರಲಿಲ್ಲ. ಕಂಬ ಬರೆಯುವಾಗ ಅವಳೂ ನೋಡಿರಲಿಲ್ಲ.

ಭಾನುವಾರ ಬೆಳಗಿನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಮೇಜು ಒರೆಸಿ, ಕಳೆದ ವಾರದ ಇನ್ನೂರ ಹದಿನಾರು ಚೀಟಿಗಳನ್ನು ಹರಡಿದಳು. ಒಂದೊಂದಕ್ಕೂ, ಯಂತ್ರದಿಂದ ಬಂದ ಮೇಲೆ ಎಷ್ಟು ಗಂಟೆ ಕಾದಿತು ಎಂದು ಕಳೆದು ಬರೆದಳು. ಇನ್ನೂರ ಹದಿನಾರು ಕಳೆಯುವ ಲೆಕ್ಕ. ಬೆರಳು ಮರಗಟ್ಟಿತು. ಈಗ ಅವಳ ಮುಂದೆ ಜೋಡಿ ಅಂಕಿಗಳಿದ್ದವು: ಕಾದದ್ದು ಎಷ್ಟು ಗಂಟೆ, ಒಡೆದದ್ದು ಎಷ್ಟು ಕಪ್. ಇವೆರಡಕ್ಕೂ ನಂಟು ಇದೆಯೋ ಇಲ್ಲವೋ, ಇದ್ದರೆ ಅದನ್ನು ಒಂದೇ ಹಾಳೆಯಲ್ಲಿ ಕುರುಡನಿಗೂ ಕಾಣುವ ಹಾಗೆ ಹೇಗೆ ತೋರಿಸುವುದು? ಅತ್ತಿಗೆಯ ಎದೆಯುಸಿರು ಆ ಹಾಳೆಯ ಮೇಲೆ ನಿಂತಿತ್ತು.

ಮೊದಲು ಗೆರೆ ಎಳೆದು ನೋಡಿದಳು. ಚೀಟಿಗಳನ್ನು ಸೋಮವಾರದಿಂದ ಶನಿವಾರದವರೆಗೆ ಸಾಲಾಗಿಟ್ಟು, ಒಂದೊಂದು ಹಲಗೆಯ ಒಡಕಿಗೆ ಬಿಂದು ಇಟ್ಟು, ಬಿಂದುಗಳನ್ನೆಲ್ಲ ಗೆರೆಯಿಂದ ಸೇರಿಸಿದಳು. ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ವಾರ ಕಳೆಯಿತು ಎನ್ನುವುದು ಬಿಟ್ಟು ಬೇರೇನನ್ನೂ ಆ ಗೆರೆ ಹೇಳಲಿಲ್ಲ.

ಆಮೇಲೆ ಒಂದೇ ಹಾಳೆಯಲ್ಲಿ ಎರಡು ಗೆರೆ ಎಳೆದಳು, ಗಂಟೆಗೆ ಒಂದು, ಒಡಕಿಗೆ ಒಂದು. ಎಡಗಡೆ ಗಂಟೆಯ ಅಳತೆ, ಬಲಗಡೆ ಒಡಕಿನ ಅಳತೆ. ಸಣ್ಣಕ್ಕೆ ಕಂಡದ್ದರಿಂದ ಬಲಗಡೆಯ ಅಳತೆಯನ್ನು ಸ್ವಲ್ಪ ಹಿಗ್ಗಿಸಿದಳು. ಎರಡೂ ಗೆರೆ ಗಂಡ ಹೆಂಡತಿ ಪೇಟೆಗೆ ಹೊರಟ ಹಾಗೆ ಕೈಹಿಡಿದು ನಡೆದವು. ಎದೆ ಹಗುರಾಯಿತು. ಅನುಮಾನ ಬಂದು ಅಳತೆಯನ್ನು ಕುಗ್ಗಿಸಿ ಮತ್ತೆ ಎಳೆದಳು. ಈ ಸಲ ಒಂದು ಮಾಳಿಗೆಯಲ್ಲಿ, ಇನ್ನೊಂದು ನೆಲದಲ್ಲಿ, ಮಾತು ಬಿಟ್ಟವರ ಹಾಗೆ. ಅಂಕಿ ಅವೇ. ತನಗೆ ಬೇಕಾದಂತೆ ಸೇರಿಸಲೂಬಹುದು, ಅಗಲಿಸಲೂಬಹುದು. ಇದನ್ನು ತೆಗೆದುಕೊಂಡು ಹೋದರೆ ಮ್ಯಾನೇಜರಿಗೆ ಎರಡು ನಿಮಿಷ ಸಾಕು, ಬಯಲಿಗೆಳೆಯಲು. ಅವಳು ಆ ಹಾಳೆಯನ್ನು ಮಡಿಸಿ ಒಲೆಯ ಪಕ್ಕ ಎಸೆದಳು.

ಮೂರನೆಯ ಹಾಳೆ ಎತ್ತಿಕೊಳ್ಳುವಷ್ಟರಲ್ಲಿ ಸೊಂಟ ಹಿಡಿದಿತ್ತು. ವಾರವನ್ನೇ ಮರೆತುಬಿಡೋಣ ಎಂದುಕೊಂಡಳು. ಯಾವ ದಿನ, ಯಾರ ನಂತರ ಯಾರು, ಯಾವುದೂ ಬೇಡ. ಕೆಳಗಿನ ಗೆರೆಯಲ್ಲಿ ಕಾದ ಗಂಟೆ, ಪಕ್ಕದ ಗೆರೆಯಲ್ಲಿ ಒಡೆದ ಕಪ್. ಒಂದು ಚೀಟಿಗೆ ಒಂದು ಚುಕ್ಕೆ. ಮುಕ್ಕಾಲು ಗಂಟೆ ಕಾದು ಒಂದು ಒಡೆದಿದ್ದರೆ ಅಲ್ಲೊಂದು ಚುಕ್ಕೆ. ನಾಲ್ಕು ಗಂಟೆ ಕಾದು ಹತ್ತು ಒಡೆದಿದ್ದರೆ ಇಲ್ಲೊಂದು. ಇಪ್ಪತ್ತು ಚುಕ್ಕೆಯಾಗುವವರೆಗೆ ನೊಣ ಕೂತು ಎದ್ದ ಹಾಗೆ ಕಾಣುತ್ತಿತ್ತು. ನೂರಾದಾಗ ಕೈ ನಿಧಾನವಾಯಿತು. ಇನ್ನೂರಾದಾಗ ಪೆನ್ಸಿಲ್ ಕೆಳಗಿಟ್ಟಳು.

ಎಡಗಡೆಯ ಕೆಳಮೂಲೆಯಲ್ಲಿ ಚುಕ್ಕೆಗಳು ಒತ್ತೊತ್ತಾಗಿ ನೆರೆದು, ಬಲಕ್ಕೆ ಸರಿದಂತೆ ಮೇಲಕ್ಕೆ ಏರುತ್ತಿದ್ದವು. ಮೊದಲು ಮೆಲ್ಲಗೆ, ಎರಡು ಗಂಟೆ ದಾಟಿದ ಮೇಲೆ ಕಡಿದಾಗಿ. ನೇರ ಗೆರೆಯಲ್ಲ, ಗುಂಪು. ಆದರೂ ಗುಂಪಿಗೊಂದು ದಾರಿ ಇತ್ತು. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು ಸೇರಿಸಲು ಕೈ ತುರಿಸಿತು, ಹಳೆಯ ಅಭ್ಯಾಸ. ಬೇಡವೆಂದು ಕೈ ಕಟ್ಟಿ ಕುಳಿತಳು.

ಆಮೇಲೆ ಇನ್ನೊಂದು ಯೋಚನೆ ಬಂತು. ಕೆಂಪು ಪೆನ್ಸಿಲ್ ತೆಗೆದು, ಇನ್ನೊಂದು ಹಾಳೆಯಲ್ಲಿ ಎಲ್ಲವನ್ನೂ ಮತ್ತೆ ಇಟ್ಟಳು, ಅತ್ತಿಗೆಯ ಮೂವತ್ತು ಹಲಗೆಗಳನ್ನು ಮಾತ್ರ ಕೆಂಪಿನಲ್ಲಿ. ಬಲಗಡೆಯ ಏರು ಕೆಂಪಾಯಿತು. ಮೂರು ಗಂಟೆ, ನಾಲ್ಕು ಗಂಟೆ ಕಾದ ಹಲಗೆಗಳು ಹೆಚ್ಚುಕಡಿಮೆ ಎಲ್ಲ ಅವಳವೇ.

"ಏನೇ ಅದು, ಸಿಡುಬು ಎದ್ದ ಹಾಗಿದೆ." ಹಿಂದೆ ಅತ್ತಿಗೆ ಚಹಾ ಹಿಡಿದು ನಿಂತಿದ್ದಳು.

ಬಿರುಕಮ್ಮ ಹಾಳೆ ಮುಚ್ಚಲಿಲ್ಲ. "ಕೂತ್ಕೋ ಅತ್ತಿಗೆ. ಒಂದು ಕೇಳ್ತೀನಿ. ನಿನ್ನ ಹಲಗೆಗಳೆಲ್ಲ ಯಾಕೆ ನಾಲ್ಕು ಗಂಟೆ ಹಳೇವು?"

ಅತ್ತಿಗೆ ಲೋಟವನ್ನು ಮೇಜಿನ ಮೇಲಿಟ್ಟಳು. ಲೋಟಕ್ಕೆ ಜಾಗ ಮಾಡಲು ಮೂರು ಚೀಟಿ ಸರಿಸಿದಳು.

"ಅಟ್ಟಣೆಯಲ್ಲಿ ಹಿಂದೆ ಉಳಿದಿರ್ತಾವಲ್ಲ, ಅವು."

"ಮುಂದಿನವು?"

"ಹುಡುಗೀರು ತಗೊಳ್ತಾರೆ. ಹಿಡಿ ಕೂರೋಕೆ ಹಸಿ ಕಪ್ಪಿಗೆ ಗೀರು ಹಾಕೋದು ಸುಲಭ ಕಣೇ, ಬೆಣ್ಣೆ ಇದ್ದ ಹಾಗೆ. ಒಣಗಿದ್ದಕ್ಕೆ ಮಣಿಕಟ್ಟು ನೋವು ಬರುತ್ತೆ. ಆ ಸಣ್ಣವಳು ಏಳು ತಿಂಗಳ ಬಸುರಿ, ಕೈ ಊದಿಕೊಂಡಿದೆ. ಇನ್ನೊಬ್ಬಳಿಗೆ ಮನೇಲಿ ಎರಡು ಕೂಸು. ಹಿಂದಿನದನ್ನೂ ಯಾರಾದ್ರೂ ಎತ್ತಬೇಕಲ್ಲ."

"ಅವರು ಕೇಳಿದ್ರಾ?"

"ಊಟಕ್ಕೆ ಕೂತಾಗ ಯಾರು ಯಾರನ್ನ ಕೇಳ್ತಾರೆ? ಪಾತ್ರೆ ತಳದ್ದು ನಾನು ಬಡಿಸ್ಕೊಳ್ತೀನಿ, ನೀನು ಯಾವತ್ತಾದ್ರೂ ಕೇಳಿದ್ದೀಯಾ?"

ಬಿರುಕಮ್ಮ ಕೇಳಿರಲಿಲ್ಲ. ಮೂವತ್ತು ವರ್ಷದಿಂದ ಒಂದೇ ಪಾತ್ರೆಯಲ್ಲಿ ಉಂಡಿದ್ದರೂ ಕೇಳಿರಲಿಲ್ಲ. ಚಹಾ ಆರುತ್ತಿತ್ತು.

"ಚೂರಿನ ಕೋಣೆಗೆ ಹಾಕ್ತಾರಂತೆ ನಿನ್ನನ್ನ."

"ಹಾಕ್ಲಿ. ಎಷ್ಟು ವರ್ಷ ಇದ್ದೀತು ಇನ್ನು. ಆದ್ರೆ ಈ ಸಿಡುಬಿನ ಹಾಳೆ ಒಯ್ದು ಅವರ ಮುಂದೆ ಹಿಡಿದು, ಹುಡುಗೀರು ಒಳ್ಳೇದನ್ನ ಆರಿಸ್ಕೊಳ್ತಾರೆ ಅಂತ ಮಾತ್ರ ಹೇಳಬೇಡ. ನನ್ನ ಮೇಲೆ ಆಣೆ."

"ನಿನ್ನ ಉಸಿರು ಹೋದ ಮೇಲೆ ಆಣೆ ಇಟ್ಟುಕೊಂಡು ನಾನೇನು ಮಾಡ್ಲಿ?"

"ಉಪ್ಪಿನಕಾಯಿ ಹಾಕು," ಎಂದು ಅತ್ತಿಗೆ ಎದ್ದಳು. ಬಾಗಿಲ ತನಕ ಹೋಗುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಬಿರುಕಮ್ಮ ಎಣಿಸದೆ ಇರಲು ನೋಡಿದಳು, ಎಣಿಸುವ ಚಾಳಿ.

ಸೋಮವಾರ ಹನ್ನೊಂದಕ್ಕೆ ಅವಳ ಚೀಲದಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ ಬರಿಯ ಪೆನ್ಸಿಲ್ ಚುಕ್ಕೆ, ಯಾರದೆಂದು ತಿಳಿಯದ ಹಾಗೆ. ಇನ್ನೊಂದರಲ್ಲಿ ಕೆಂಪು. ಎರಡನೆಯದನ್ನು ತೆಗೆಯುವುದಿಲ್ಲ ಎಂದುಕೊಂಡೇ ಹೋಗಿದ್ದಳು. ತೆಗೆಯದಿದ್ದರೆ ಮನೆಯಲ್ಲೇ ಬಿಟ್ಟು ಬರಬಹುದಿತ್ತಲ್ಲ ಎಂಬುದು ದಾರಿಯುದ್ದಕ್ಕೂ ಕಾಲಿಗೆ ತೊಡರುತ್ತಿತ್ತು.

"ಕಂಬ ಎಲ್ಲಿ?" ಎಂದರು ಮ್ಯಾನೇಜರು.

"ಕಂಬ ಯಾರು ಎಷ್ಟು ಅಂತ ಹೇಳುತ್ತೆ ಸಾರ್. ಯಾಕೆ ಅಂತ ಹೇಳಲ್ಲ. ಇದನ್ನ ನೋಡಿ. ಒಂದು ಹಲಗೆಗೆ ಒಂದು ಚುಕ್ಕೆ. ಬಲಕ್ಕೆ ಹೋದಷ್ಟೂ ಹೆಚ್ಚು ಹೊತ್ತು ಕಾದದ್ದು. ಮೇಲೆ ಹೋದಷ್ಟೂ ಹೆಚ್ಚು ಒಡೆದದ್ದು."

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ಬೆರಳು ಎಡಗಡೆಯಿಂದ ಹೊರಟು ಗುಂಪಿನ ಜೊತೆಗೇ ಏರಿ ಬಲತುದಿಯಲ್ಲಿ ನಿಂತಿತು. ಯಾರೂ ಹೇಳಿಕೊಡದೆ ಬೆರಳು ಹಾಗೆ ಏರಿದ್ದನ್ನು ಕಂಡು ಅವಳಿಗೆ ಜೀವ ಬಂತು.

"ಒಣಗಿದಷ್ಟೂ ಒಡೆಯುತ್ತೆ."

"ಹೌದು ಸಾರ್."

"ಸರಿ. ಈ ತುದಿಯವು ಯಾರವು?"

ಅವಳು ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದಳು.

"ದೊಡ್ಡಕ್ಕನವು ಅಲ್ವಾ? ಮತ್ತೆ ಸುತ್ತಿ ಅಲ್ಲಿಗೇ ಬಂದ್ವಿ. ಕೈ ನಿಧಾನ, ಅದಕ್ಕೆ ಹಲಗೆ ಕಾಯುತ್ತೆ, ಕಾದದ್ದಕ್ಕೆ ಒಡೆಯುತ್ತೆ. ಇಲ್ಲಾ, ಕಾದದ್ದಕ್ಕಲ್ಲ, ಅವರ ಕೈಗೇ ಒಡೆಯುತ್ತೆ. ನಿಮ್ಮ ಚುಕ್ಕೆ ಎರಡರಲ್ಲಿ ಯಾವುದು ಅಂತ ಹೇಳುತ್ತಾ?"

ಒಳ್ಳೆಯ ಪ್ರಶ್ನೆ. ಅದೇ ಅವಳಿಗೆ ದಣಿವಾದದ್ದು. ಕೆಟ್ಟವರಾಗಿದ್ದರೆ ಬೈದುಕೊಂಡು ಎದ್ದು ಬರಬಹುದಿತ್ತು. ಬರಿಯ ಚುಕ್ಕೆಯ ಹಾಳೆಯ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಇದ್ದದ್ದು ಚೀಲದಲ್ಲಿ.

ತೆಗೆದಳು.

"ಕೆಂಪು ಅವರದು. ಇಲ್ಲಿ ಎಡಮೂಲೆ ನೋಡಿ. ಐದು ಕೆಂಪು ಚುಕ್ಕೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರೋದು ಅವರೇ, ಆಗ ಅಟ್ಟಣೇಲಿ ಇರೋದೇ ಒಂದು ಹಲಗೆ, ಆಗಷ್ಟೇ ಇಳಿದದ್ದು. ಐದು ದಿನದ ಐದು ಮೊದಲ ಹಲಗೆ. ಒಡೆದದ್ದು ಒಂದು, ಒಂದು, ಸೊನ್ನೆ, ಎರಡು, ಒಂದು. ಅದೇ ಕೈ ಸಾರ್."

ಅವರು ಬಗ್ಗಿ ನೋಡಿದರು.

"ಇನ್ನು ಮೇಲ್ಗಡೆ ಕೆಂಪಿನ ಮಧ್ಯೆ ಇರೋ ಈ ನಾಲ್ಕು ಪೆನ್ಸಿಲ್ ಚುಕ್ಕೆ. ಇವು ಬುಧವಾರದವು. ಅವತ್ತು ಅವರು ಡಾಕ್ಟರ ಹತ್ತಿರ ಹೋಗಿದ್ರು, ರಜೆ. ಅವರೇ ಇಲ್ಲದ ದಿನವೂ ಹಲಗೆ ನಾಲ್ಕು ಗಂಟೆ ಕಾದಿವೆ. ಬೇರೆಯವರು ಎತ್ತಿದ್ರು. ಒಂಬತ್ತು, ಹತ್ತು, ಎಂಟು, ಹತ್ತು. ಎಲ್ಲರದ್ದೂ ಒಂದೇ ದಾರಿ. ಯಾರು ಎಷ್ಟು ದೂರ ನಡೆದ್ರು ಅನ್ನೋದಷ್ಟೇ ವ್ಯತ್ಯಾಸ."

ಮ್ಯಾನೇಜರು ಎದ್ದು ಗೋಡೆಯ ಕಂಬಗಳನ್ನೂ ಮೇಜಿನ ಚುಕ್ಕೆಗಳನ್ನೂ ಒಂದರ ನಂತರ ಒಂದು ನೋಡಿದರು. ಹೊರಗೆ ಕೈಗಾಡಿಯೊಂದು ಕಿರುಗುಟ್ಟುತ್ತಾ ಹಾದುಹೋಯಿತು.

"ಹಳೇ ಹಲಗೆ ಯಾವಾಗಲೂ ಅವರಿಗೇ ಯಾಕೆ ಹೋಗುತ್ತೆ? ಯಾರು ಹಂಚ್ತಾರೆ?"

ಆಣೆ ನೆನಪಾಯಿತು. ಅರ್ಧ ಮುರಿದದ್ದಾಗಿತ್ತು, ಇನ್ನರ್ಧ ಕೈಯಲ್ಲಿತ್ತು.

"ಯಾರೂ ಹಂಚಲ್ಲ ಸಾರ್. ಹಾಗೇ ನಡ್ಕೊಂಡು ಬಂದಿದೆ. ಅಟ್ಟಣೆಗೊಂದು ಕ್ರಮ ಇಲ್ಲ, ತಪ್ಪು ಅಟ್ಟಣೇದು."

ಅವರು ಅವಳ ಮುಖವನ್ನು ನೋಡಿದರು. ನಂಬಿದರೋ, ನಂಬದೆ ಬಿಟ್ಟುಕೊಟ್ಟರೋ, ಅವಳಿಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಒಂದು ಚೂರು ಕಾಗದದ ಮೇಲೆ ಬರೆದರು: ಯಂತ್ರ ಬೆಳಿಗ್ಗೆ ಒಂದೇ ಉಸಿರಿಗೆ ಸುರಿಯುವುದು ಬೇಡ, ದಿನವಿಡೀ ಮೆಲ್ಲಗೆ ಓಡಲಿ. ಹಲಗೆಗೆ ಸರದಿ ಸಂಖ್ಯೆ. ಮೊದಲು ಬಂದದ್ದು ಮೊದಲು. ಆರಿಸುವಂತಿಲ್ಲ.

"ದೊಡ್ಡಕ್ಕ ಇರೋ ಕಡೆಯೇ ಇರಲಿ," ಎಂದರು.

ಅಲ್ಲಿಗೆ ಕತೆ ಮುಗಿಯಿತು ಎಂದು ಬಿರುಕಮ್ಮನೂ ಅಂದುಕೊಂಡಿದ್ದಳು. ಅವತ್ತು ಸಂಜೆ ಅತ್ತಿಗೆ ಮನೆಗೆ ಒಬ್ಬಳೇ ನಡೆದು ಹೋದಳು. ಮರುದಿನವೂ ಮಾತಿಲ್ಲ. ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ್ದೇ ಮಾತು. ಮೂರನೆಯ ದಿನ ಪಾತ್ರೆ ಉಜ್ಜುತ್ತಾ, ಗೋಡೆಗೆ ಹೇಳುವವಳ ಹಾಗೆ ಹೇಳಿದಳು:

"ಬಸುರಿಗೆ ಇವತ್ತು ಎರಡು ಗಟ್ಟಿ ಹಲಗೆ ಬಂತು. ಸರದಿಯಂತೆ. ಕೈ ಒದರ್ತಾ ಕೂತಿದ್ಲು."

"ನಾಲ್ಕು ಗಂಟೇದಲ್ಲ ಅತ್ತಿಗೆ, ಎರಡೂವರೆ ಗಂಟೇದು. ಈಗ ಯಾರಿಗೂ ನಾಲ್ಕು ಗಂಟೇದು ಇಲ್ಲ."

"ನಿನಗೆ ಗಂಟೆ. ನನಗೆ ಅವಳ ಕೈ ಕಾಣುತ್ತೆ."

ಬಿರುಕಮ್ಮ ಒರೆಸುವ ಬಟ್ಟೆ ತೆಗೆದುಕೊಂಡಳು. ಉತ್ತರ ಕೊಡಬಹುದಾಗಿತ್ತು: ಒಟ್ಟು ಒಡಕು ಅರ್ಧಕ್ಕೆ ಇಳಿದಿದೆ, ನೀನು ಚೂರಿನ ಕೋಣೆಯಲ್ಲಿಲ್ಲ, ಕೂತು ಉಸಿರಾಡುತ್ತಿದ್ದೀಯ. ಎಲ್ಲಕ್ಕೂ ಚೀಟಿ ಇತ್ತು. ಕೈ ಊದಿಕೊಂಡದ್ದಕ್ಕೆ ಮಾತ್ರ ಯಾರೂ ಚೀಟಿ ಬರೆದಿರಲಿಲ್ಲ.

ಬರೆಯಬಹುದಲ್ಲ ಎಂದು ಅವಳಿಗೆ ಹೊಳೆದದ್ದು ಪಾತ್ರೆಗಳನ್ನು ಒರೆಸಿ ಜೋಡಿಸುವಾಗ. ಕೆಳಗಿನ ಗೆರೆಯಲ್ಲಿ ಹಲಗೆ ಕಾದ ಗಂಟೆ, ಪಕ್ಕದಲ್ಲಿ ಮಣಿಕಟ್ಟಿನ ನೋವು, ಹತ್ತಕ್ಕೆ ಎಷ್ಟು. ಆರು ಜನರನ್ನು ಸಂಜೆ ಸಂಜೆ ಕೇಳಬೇಕು, ಮತ್ತೆ ಇನ್ನೂರ ಹದಿನಾರು ಚುಕ್ಕೆ. ಯೋಚಿಸಿಯೇ ಸೊಂಟ ನೋಯಿತು.

ತಿಂಗಳ ಕೊನೆಗೆ ಮ್ಯಾನೇಜರು ಮತ್ತೆ ಕಂಬ ಕೇಳಿದರು. ಮೇಲಿನವರಿಗೆ ಚುಕ್ಕೆ ಅರ್ಥವಾಗುವುದಿಲ್ಲವಂತೆ. ಬರೆದುಕೊಟ್ಟಳು. ಆರೂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಪೆನ್ಸಿಲ್ ಬಣ್ಣ. ಕೆಂಪನ್ನು ಅವಳು ಡಬ್ಬಿಯಿಂದ ತೆಗೆಯಲೇ ಇಲ್ಲ.

ಹಾಳೆ ಕೊಟ್ಟು ಬರುವಾಗ ಹಿಡಿ ಅಂಟಿಸುವ ಕೋಣೆಯನ್ನು ಹಾದು ಬಂದಳು. ಅತ್ತಿಗೆ ಅಟ್ಟಣೆಯ ಮುಂದೆ ನಿಂತಿದ್ದಳು. ಅವಳ ಸರದಿಗೆ ಹಸಿ ಹಲಗೆ ಬಂದಿತ್ತು, ಈಗಷ್ಟೇ ಇಳಿದದ್ದು. ಕೈ ಅದನ್ನು ದಾಟಿ ಹಿಂದಕ್ಕೆ ಹೋಯಿತು, ತಡವಿತು; ಅಲ್ಲಿ ಏನೂ ಇರಲಿಲ್ಲ. ಆಮೇಲೆ ಆ ಹಸಿ ಹಲಗೆಯನ್ನೇ ಎತ್ತಿಕೊಂಡು ಬಂದು ಕುಳಿತಳು. ಮೊದಲ ಕಪ್ಪಿಗೆ ಗೀರು ಹಾಕಿದಳು. ಬೆಣ್ಣೆಯ ಹಾಗೆ ಗೀರು ಬಿತ್ತು. ಇನ್ನೂ ಯಾರೂ ಉಂಡಿಲ್ಲದ ಮನೆಯಲ್ಲಿ ತಾನೇ ಮೊದಲು ಬಡಿಸಿಕೊಂಡವಳ ಹಾಗೆ ಆಚೆ ಈಚೆ ನೋಡಿದಳು. ಬಾಗಿಲಲ್ಲಿ ನಾದಿನಿ ಕಂಡಳು.

"ಏನು ನೋಡ್ತಾ ನಿಂತಿದ್ದೀಯೇ," ಎಂದಳು. "ಬಾ, ಆ ಬಸುರಿ ಕೈ ನೋವು ಎಷ್ಟು ಅಂತ ಕೇಳಬೇಕು ಅಂತಿದ್ಯಲ್ಲ ರಾತ್ರಿಯೆಲ್ಲ ಗೊಣಗ್ತಾ. ಕೇಳು."

ಬಿರುಕಮ್ಮ ಏಪ್ರನ್ನಿನ ಜೇಬಿನಿಂದ ಚೀಟಿ ತೆಗೆದು, ಒಳಗೆ ಬಂದಳು.